ಘಾಟಿ ಇಳಿದ ಫಿಲ್ಟರ್

ಹೊಂಗಡಹಳ್ಳದ ಗಂಗಾಮಣಿ ಹತ್ತೊಂಬತ್ತು ವರ್ಷ ಕಾಫಿ ಬೀಜ ಆರಿಸಿದವರು. ರಾಶಿಯಲ್ಲಿ ಒಂದೇ ಕಪ್ಪು ಬೀಜವಿದ್ದರೂ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆ ಕಣ್ಣನ್ನು ನಂಬಿಯೇ ಇಂಜಿನಿಯರ್ ಚೈತ್ರಶ್ರೀ ಆನೇಮಹಲ್‌ನ ತನ್ನ ಪುಟ್ಟ ಕಾರ್ಖಾನೆಗೆ ಗಂಗಾಮಣಿಯವರನ್ನು ಸೇರಿಸಿಕೊಂಡಿದ್ದಳು. ಅಲ್ಲಿ ತಯಾರಾಗುತ್ತಿದ್ದದ್ದು ಸೂರ್ಯನನ್ನು ಎಕ್ಸ್‌ರೇಯಲ್ಲಿ ನೋಡುವ ದೂರದರ್ಶಕದ ಫಿಲ್ಟರ್. ಕೂದಲಿನ ಐನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಅಲ್ಯೂಮಿನಿಯಂ ಪದರ. ಅದು ಬಿಸಿಲಿನ ಬೆಳಕನ್ನು ತಡೆದು ಎಕ್ಸ್‌ರೇಯನ್ನಷ್ಟೇ ಒಳಗೆ ಬಿಡಬೇಕು. ಸೂಜಿಮೊನೆಗಿಂತ ಸಣ್ಣ ತೂತಿದ್ದರೂ ಬೆಳಕು ನುಗ್ಗಿ ಚಿತ್ರವೆಲ್ಲ ಹಾಳು. ಕತ್ತಲೆ ಕೋಣೆಯಲ್ಲಿ ಅಡಿಯಿಂದ ದೀಪ ಬಿಟ್ಟು, ಉಸಿರು ಬಿಗಿಹಿಡಿದು ಆ ತೂತು ಹುಡುಕುವುದೇ ಗಂಗಾಮಣಿಯವರ ಕೆಲಸ.

ನಾಲ್ಕು ತಿಂಗಳಲ್ಲಿ ಹನ್ನೊಂದು ಪದರಗಳನ್ನು ಅವರು ಆಗದೆಂದು ತೆಗೆದಿಟ್ಟರು. ಹನ್ನೆರಡನೆಯದರಲ್ಲಿ ಒಂದು ಚುಕ್ಕೆಯೂ ಕಾಣಲಿಲ್ಲ. ಕರಾವಳಿಯ ಪರೀಕ್ಷಾಲಯಕ್ಕೆ ಅದನ್ನು ಒಯ್ಯುವ ಬೆಳಿಗ್ಗೆ, ಫಿಲ್ಟರಿನ ಚೌಕಟ್ಟನ್ನು ಕೂರಿಸುವ ಬಟ್ಟಲಿನ ಅಂಚಿಗೆ ಗಂಗಾಮಣಿ ಒಂದು ರಬ್ಬರ್ ಬಳೆ ಹಾಕಿದರು. ದಾರಿಯ ಕುಲುಕಾಟ ತಟ್ಟದಿರಲಿ ಎಂದು. ಯಾರನ್ನೂ ಕೇಳಲಿಲ್ಲ, ಕೇಳಬೇಕಾದ ಸಂಗತಿ ಅನ್ನಿಸಲೂ ಇಲ್ಲ.

ಡ್ರೈವರ್ ಧರ್ಮ ದೋಣಿಗಲ್ ದಾಟಿ ಘಾಟಿಯಲ್ಲಿ ಕಾರನ್ನು ಆಮೆಯ ಹಾಗೆ ಇಳಿಸಿದ. ಫಿಲ್ಟರಿನ ಪೆಟ್ಟಿಗೆ ಗಂಗಾಮಣಿಯವರ ತೊಡೆಯ ಮೇಲಿತ್ತು, ಪಕ್ಕದಲ್ಲಿ ಚೈತ್ರಶ್ರೀ. ಒಂದು ಗುಂಡಿಗೂ ಚಕ್ರ ಬೀಳಲಿಲ್ಲ.

ಪರೀಕ್ಷಾಲಯದಲ್ಲಿ ಮುಚ್ಚಳ ತೆಗೆದರೆ ಚೌಕಟ್ಟು ಬರಿದಾಗಿತ್ತು. ಅಂಚಿನಲ್ಲಿ ನಾಲ್ಕು ಬೆಳ್ಳಿಬಣ್ಣದ ಚೂರು, ಅಷ್ಟೇ.

ಗಂಗಾಮಣಿ ಮುಚ್ಚಳದ ಒಳಗೂ ಹುಡುಕಿದರು. "ಎಲ್ಲೋಯ್ತು ಮೇಡಮ್? ಇಲ್ಲೇ ಇತ್ತಲ್ಲ! ಸದ್ದೂ ಆಗ್ಲಿಲ್ವಲ್ಲ!"

ಚೈತ್ರಶ್ರೀ ಬಗ್ಗಿ ಆ ಚೂರುಗಳನ್ನೇ ನೋಡಿದಳು. ಆಮೇಲೆ ಕೇಳಿದಳು: "ಗಂಗಕ್ಕಾ, ಘಾಟಿ ಇಳಿಯೋವಾಗ ಕಿವಿ ಕಟ್ತಾ?"

"ಹೂಂ, ಯಾವಾಗ್ಲೂ ಕಟ್ತೈತೆ."

"ಕೆಳಗೆ ಬಂದಷ್ಟೂ ಗಾಳಿ ಜೋರಾಗಿ ಒತ್ತುತ್ತೆ. ಫಿಲ್ಟರಿನ ಮೇಲೆ ಇಲ್ಲಿನ ಗಾಳಿ, ಅಡಿಯ ಬಟ್ಟಲಲ್ಲಿ ಮಾತ್ರ ನಮ್ಮೂರಿನ ಹಗುರ ಗಾಳಿ ಉಳಿದುಬಿಟ್ರೆ ಹೀಗೆ ಹರಿಯುತ್ತೆ. ಆದ್ರೆ ಬಟ್ಟಲಿಗೆ ಗಾಳಿ ಹೋಗೋಕೆ ಅಂಚಲ್ಲಿ ಸಂದು ಬಿಟ್ಟಿದ್ದೆನಲ್ಲ..."

ಗಂಗಾಮಣಿ ಚೌಕಟ್ಟಿನ ಅಡಿಗೆ ಬೆರಳು ತೋರಿದರು. "ಆ ಸಂದಿಗೆ ರಬ್ಬರ್ ಬಳೆ ಹಾಕಿದ್ದು ನಾನೇ ಮೇಡಮ್."

ಚೈತ್ರಶ್ರೀ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಘಾಟಿ ಹತ್ತುವಾಗ ಬರಿ ಚೌಕಟ್ಟಿನ ಪೆಟ್ಟಿಗೆ ಮತ್ತೆ ಗಂಗಾಮಣಿಯವರ ತೊಡೆಯ ಮೇಲಿತ್ತು.

ಮೂರು ದಿನ ಗಂಗಾಮಣಿ ಮನೆಯಿಂದ ಹೊರಬೀಳಲಿಲ್ಲ. ಕಣ್ಣು ಮುಚ್ಚಿದರೆ ಆ ಬರಿ ಚೌಕಟ್ಟೇ ಎದುರು ಬರುತ್ತಿತ್ತು. ನಾಲ್ಕನೆಯ ದಿನ ಚೈತ್ರಶ್ರೀ ಬಾಗಿಲಲ್ಲಿ ನಿಂತಿದ್ದಳು.

"ಸಂದು ಯಾಕೆ ಅಂತ ನಾನೂ ನಿಮಗೆ ಹೇಳಿರ್ಲಿಲ್ಲ. ಬನ್ನಿ."

"ನಾನು ಅದನ್ನ ಮುಟ್ಟಾಕಿಲ್ಲ ಕಣ್ರೀ."

"ಮುಟ್ಟಬೇಡಿ. ನೋಡಿ ಸಾಕು."

ಮೂರು ತಿಂಗಳ ಮೇಲೆ ಇನ್ನೊಂದು ಪದರ ಗಂಗಾಮಣಿಯವರ ಕಣ್ಣಿನ ಪರೀಕ್ಷೆಯಲ್ಲಿ ಗೆದ್ದಿತು. ಬಟ್ಟಲಿಗೇ ಗಾಳಿಕಿಂಡಿ ಕೊರೆಸಿದ್ದರು. ಈ ಸಲ ಗಂಗಾಮಣಿ ಜೊತೆಗೆ ಹೋಗಲಿಲ್ಲ. ಮಧ್ಯಾಹ್ನ ಫೋನ್ ಬಂತು: "ಗಂಗಕ್ಕಾ, ಒಂದು ಸುಕ್ಕೂ ಇಲ್ಲ!"

ಗಂಗಾಮಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಜ್ವಾಗ್ಲೂ ಐತಾ ಮೇಡಮ್? ಇನ್ನೊಂದ್ ಸಲ ನೋಡಿ ಹೇಳಿ."