ಬಿಳಿ ಬಳಿದ ಕುರಿಮರಿ

ಡಿಸೆಂಬರ್ ಹದಿನೆಂಟರ ಸಂಜೆ ಮಕ್ಕಳ ಶಾಲೆಯಿಂದ ಅಣ್ಣನ ಮೊಬೈಲಿಗೆ ಸಂದೇಶ ಬಂತು. ಇಪ್ಪತ್ಮೂರಕ್ಕೆ ಕ್ರಿಸ್ಮಸ್ ಕಾರ್ಯಕ್ರಮ, ವೇದಿಕೆಯ ಮೇಲೆ ಏಸು ಹುಟ್ಟಿದ ಗೋದಲಿ ಕಟ್ಟುತ್ತೇವೆ, ಯಾರ ಮನೆಯಲ್ಲಾದರೂ ಕುರಿಮರಿ ಇದ್ದರೆ ತಿಳಿಸಿ. ಅಣ್ಣ ಆ ಕ್ಷಣವೇ ‘ನಮ್ಮಲ್ಲಿದೆ’ ಎಂದು ಉತ್ತರಿಸಿದ. ಅವನು ಚಳ್ಳಕೆರೆಯಲ್ಲಿ ಮನೆ ಮಾಡಿ ಆರು ವರ್ಷವಾಯಿತು. ಕುರಿಯ ಸುದ್ದಿಯನ್ನು ತಾನಾಗಿ ಎತ್ತಿದ್ದು ಇದೇ ಮೊದಲು. ಊರಿಂದ ಅಪ್ಪ ಬಂದರೆ ಹೆಗಲ ಕಂಬಳಿಯನ್ನು ಹೊರಗಿನ ಕಟ್ಟೆಯ ಮೇಲೇ ಇಡಿಸುತ್ತಿದ್ದ. ಒಳಗೆ ವಾಸನೆ ಬರುತ್ತದಂತೆ.

ನಾನು ಅಣ್ಣನ ಮನೆಯಲ್ಲಿದ್ದುಕೊಂಡು ಬಿ.ಎಡ್. ಓದುತ್ತಿದ್ದೇನೆ. ಅವನಿಗೆ ಇಬ್ಬರು ಮಕ್ಕಳು, ನಾನು ಅವರ ಅತ್ತೆ. ಒಂದನೇ ಕ್ಲಾಸಿನ ಮಗಳಿಗೆ ದೇವದೂತೆಯ ಪಾತ್ರ. ಎಲ್‌ಕೆಜಿಯ ಮಗನಿಗೆ ನಕ್ಷತ್ರದ ಪಾತ್ರ, ಅಂದರೆ ರಟ್ಟಿನ ನಕ್ಷತ್ರ ಕಟ್ಟಿಕೊಂಡು ಒಂದೇ ಕಡೆ ನಿಲ್ಲಬೇಕು. ನಿಲ್ಲುವುದೊಂದನ್ನು ಬಿಟ್ಟು ಬೇರೆ ಯಾವ ಪಾತ್ರ ಕೊಟ್ಟಿದ್ದರೂ ಅವನು ಮಾಡುತ್ತಿದ್ದ. ದೇವದೂತೆಯ ರೆಕ್ಕೆಗೆ ಬಿಳಿ ರೇಷ್ಮೆ ಬಂದದ್ದು ಮೊಳಕಾಲ್ಮೂರಿನಿಂದ. ಅಲ್ಲಿ ಅತ್ತಿಗೆಯ ತಾಯಿ ಮನೆಯಲ್ಲೇ ಮಗ್ಗದಲ್ಲಿ ಸೀರೆ ನೇಯುತ್ತಾರೆ. ಮೊಮ್ಮಗಳಿಗೆಂದು ಎರಡು ಮೊಳ ಬೇರೆಯಾಗಿ ನೇಯ್ದು ಕೊಟ್ಟಿದ್ದರು. ಕಾರ್ಯಕ್ರಮ ಮುಗಿಸಿಕೊಂಡು ಅದೇ ಸಂಜೆ ಎಲ್ಲರೂ ರಜೆಗೆ ಅವರ ಮನೆಗೆ ಹೋಗುವುದೆಂದು ಮಾತಾಗಿತ್ತು.

ಮರಿ ಇದ್ದದ್ದು ದೊಡ್ಡಉಳ್ಳಾರ್ತಿಯಲ್ಲಿ, ಅವ್ವನ ಹತ್ತಿರ. ಹುಟ್ಟಿ ವಾರವಾಗಿರಲಿಲ್ಲ. ಭಾನುವಾರ ಊರಿಗೆ ಹೋಗಿದ್ದಾಗ ಅಣ್ಣನ ಮಗಳು ಅದು ತನ್ನದೆಂದು ಸಾರಿ ಬಂದಿದ್ದಳು. ಇಪ್ಪತ್ಮೂರರ ಬೆಳಿಗ್ಗೆ ಅಣ್ಣನ ಬೈಕಿನ ಹಿಂದೆ ಕೂತು ಮರಿಯನ್ನು ಮಡಿಲಲ್ಲಿಟ್ಟುಕೊಂಡೆ. ಅವ್ವ ಕುರಿರೊಪ್ಪದ ಮುಳ್ಳುಬೇಲಿಯವರೆಗೂ ಹಿಂದೆಯೇ ಬಂದಳು.

“ನೀರು ಹಾಕ್‌ಬ್ಯಾಡ. ಪೌಡ್ರು ಗೀಡ್ರು ಏನೂ ಸೋಕಿಸ್‌ಬ್ಯಾಡ. ಚೊಚ್ಚಲ ಕುರಿ ಐತೆ, ಈಗಷ್ಟೇ ಮರಿ ವಾಸನೆ ಹಿಡ್ದೈತೆ. ಮಧ್ಯಾಹ್ನದೊಳಗೆ ತಂದ್‌ಬಿಡು.”

“ನಂಗೇ ಹೇಳ್ತೀಯಾ ಅವ್ವ? ಹಿಂಡ್ನಾಗೇ ಬೆಳ್ದೋನು ನಾನು.”

ಬೇಕಾದಾಗ ಅದು ಅವನಿಗೆ ನೆನಪಾಗುತ್ತದೆ.

ಶಾಲೆಯಲ್ಲಿ ಮಿಸ್ ಮರಿಯನ್ನು ನೋಡಿ ಮುಖ ಸಣ್ಣ ಮಾಡಿದರು. “ಸರ್, ಇದು ಕಪ್ಪಗಿದೆ.” ಪುಸ್ತಕದ ಚಿತ್ರ ತೋರಿಸಿದರು. ಅದರಲ್ಲಿ ಗೋದಲಿಯ ಸುತ್ತ ಹತ್ತಿಯುಂಡೆಯಂಥ ಬಿಳಿಯ ಮರಿಗಳು. ನಮ್ಮ ಸೀಮೆಯ ಕುರಿ ಕಪ್ಪು, ನಮ್ಮ ಕಂಬಳಿಯೂ ಕಪ್ಪು. ಏಸು ಹುಟ್ಟಿದ ಊರಿನಲ್ಲಿ ಕಪ್ಪು ಕುರಿಯನ್ನು ಒಳಗೆ ಬಿಡುತ್ತಿರಲಿಲ್ಲವೆಂದು ಆವತ್ತು ತಿಳಿಯಿತು.

“ಅದಕ್ಕೇನ್ ಮೇಡಂ, ಬಿಳಿ ಮಾಡಾಣ” ಎಂದ ಅಣ್ಣ, ಗೋಡೆಗೆ ಸುಣ್ಣ ಹೊಡೆಸುವವನ ಹಾಗೆ.

ಅತ್ತಿಗೆ ಮನೆಗೆ ಓಡಿ ಮಗನ ಶಾಂಪೂ ತಂದಳು. ನಲ್ಲಿಯ ಕೆಳಗೆ ಎರಡು ಸಲ ತೊಳೆದು, ಟವೆಲಿನಲ್ಲಿ ಒರೆಸಿ, ಪೌಡರ್ ಡಬ್ಬಿಯನ್ನು ಪೂರ್ತಿ ಸುರಿದರು. ಅವ್ವ ಬೇಡವೆಂದಿದ್ದಳಲ್ಲ ಎಂದು ನಾನು ಕೇಳಿದ್ದಕ್ಕೆ ಅಣ್ಣ, “ನಿನ್ ಡೈರ್ಯಾಗೆ ಬರ್ಕೊ ಹೋಗು” ಎಂದ. ಬರೆದುಕೊಂಡಿದ್ದೇನೆ.

ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ ಮುಖ್ಯ ಅತಿಥಿಗಳು ಬಂದಾಗ, ಅಂದರೆ ಮಧ್ಯಾಹ್ನ ಒಂದಕ್ಕೆ ಶುರುವಾಯಿತು. ದೇವರ ಮಗ ದನದ ಕೊಟ್ಟಿಗೆಯಲ್ಲಿ ಹುಟ್ಟಿ ಸರಳತೆ ಕಲಿಸಿದ ಎಂದು ಅವರು ಸೋಫಾದ ಮುಂದೆ ನಿಂತು, ಹಣ್ಣಿನ ಬುಟ್ಟಿ ಕೈಗೆ ಬರುವವರೆಗೂ ಮಾತಾಡಿದರು. ಸಾಂತಾ ಆಗಿದ್ದ ಡ್ರಿಲ್ ಮಾಸ್ತರರು ಕೆಂಪು ಉಣ್ಣೆಯೊಳಗೆ ಬೆವರುತ್ತ, ಸಾಲು ತಪ್ಪಿದ ಮಕ್ಕಳಿಗೆ ಅಭ್ಯಾಸಬಲದಿಂದ ಗದರಿಸಿ ಆಮೇಲೆ ಚಾಕೊಲೇಟ್ ಕೊಟ್ಟರು. ನಕ್ಷತ್ರ ಗೋದಲಿಯ ಹುಲ್ಲಿನ ಮೇಲೆ ಕೂತು ಚಾಕೊಲೇಟನ್ನು ಕಾಗದದ ಸಮೇತ ತಿಂದಿತು. ಮರಿ ಒಂದೇ ಸಮ ಅರಚುತ್ತಿತ್ತು. ಮೈ ಒದರಿದಾಗಲೆಲ್ಲ ಬಿಳಿ ಹೊಗೆಯೆದ್ದು ಮೇರಿ ಮಾತೆ ಸೀನುತ್ತಿದ್ದಳು. ಮಿಸ್ ಪಕ್ಕದಿಂದ ಮರಿಗೆ ಬಾಯ ಮೇಲೆ ಬೆರಳಿಟ್ಟು ತೋರಿಸಿದರು.

ದೇವದೂತೆಗೆ ಇದ್ದದ್ದು ಒಂದೇ ಇಂಗ್ಲಿಷ್ ಸಾಲು. ಅವಳು ಮೈಕಿನ ಮುಂದೆ ನಿಂತು, “ಮಿಸ್, ಮರಿಗೆ ಹಸಿವಾಗೈತೆ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಆ ಮಧ್ಯಾಹ್ನ ವೇದಿಕೆಯ ಮೇಲೆ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ.

ಮರಿಯನ್ನು ಬಿಟ್ಟು ಹಾಗೇ ಮೊಳಕಾಲ್ಮೂರಿಗೆ ಹೋಗುವುದೆಂದು ಎಲ್ಲರೂ ಅಣ್ಣನ ಕಾರು ಹತ್ತಿದೆವು. ದೊಡ್ಡಉಳ್ಳಾರ್ತಿ ಮುಟ್ಟಿದಾಗ ನಾಲ್ಕಾಗಿತ್ತು. ಕಟ್ಟಿದ್ದ ತಾಯಿಕುರಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿತ್ತು. ಮರಿ ಓಡಿ ಕೆಚ್ಚಲಿಗೆ ಬಾಯಿಟ್ಟಿತು. ತಾಯಿ ಅದರ ಬಾಲ ಮೂಸಿ, ತಲೆ ಮೂಸಿ, ಹಿಂದೆ ಸರಿದು ಗುದ್ದಿತು. ಮರಿ ಬಿದ್ದು ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಗುದ್ದಿತು.

ಅವ್ವ ಮರಿಯನ್ನು ಎತ್ತಿ ಮೂಗಿಗೆ ಹಿಡಿದಳು. “ಏನ್ ಹಾಕ್ದೆ ಲೇ?”

“ಸ್ವಲ್ಪ ಶಾಂಪೂ.”

“ಆಮೇಲೆ?”

“ಪೌಡ್ರು.”

“ಹೆಣ್ಣು ತೋರ್ಸಾಕೆ ಕರ್ಕೊಂಡೋಗಿದ್ದೇನು?”

ಬಾಟಲಿ ಹಾಲು ಕುಡಿಸೋಣ ಬಿಡು ಎಂದ ಅಣ್ಣ. “ಈ ಚಳಿಗಾಳ್ಯಾಗೆ ತಾಯಿ ಬಿಟ್ಟ ಮರಿ ಉಳಿಯಾದು ಕಷ್ಟ” ಎಂದಳು ಅವ್ವ. ಮೆಲ್ಲಗೇ ಹೇಳಿದಳು, ಆದರೆ ಹುಡುಗಿಯ ಕಿವಿಗೆ ಬಿತ್ತು. ಮರಿ ಹಾಲು ಕುಡಿಯುವವರೆಗೂ ತಾನು ಕಾರು ಹತ್ತುವುದಿಲ್ಲ ಎಂದು ನೆಲದ ಮೇಲೆ ಕೂತುಬಿಟ್ಟಳು.

ಅವ್ವ ತಾಯಿಯ ಹಾಲು ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದಳು. ತಾಯಿಯ ಮೈ ಉಜ್ಜಿ ಆ ವಾಸನೆಯನ್ನು ಮರಿಗೆ ಹತ್ತಿಸಲು ಒಂದು ಬಟ್ಟೆ ಕೊಡಿ ಎಂದಳು. ನಾನು ಕಾರಿನಲ್ಲಿ ಟವೆಲ್ ಹುಡುಕುವಷ್ಟರಲ್ಲಿ ಹುಡುಗಿ ತನ್ನ ರೆಕ್ಕೆ ಕಿತ್ತು ಕೊಟ್ಟಿದ್ದಳು.

“ಅಯ್ಯೋ, ಅದು ರೇಷ್ಮೆ ಕಣೆ” ಎಂದಳು ಅತ್ತಿಗೆ. ಅಷ್ಟರಲ್ಲಿ ರೇಷ್ಮೆ ಕುರಿಯ ತೊಡೆಸಂದಿಗೆ ಹೋಗಿ ಬಂದಿತ್ತು. ಅವ್ವ ಅದನ್ನೇ ಮರಿಗೆ ಸುತ್ತಿದಳು. ನಾನು ತಾಯಿಕುರಿಯ ಕಾಲು ಹಿಡಿದೆ. ಮರಿ ಬಲವಂತಕ್ಕೆ ನಾಲ್ಕು ಗುಟುಕು ಕುಡಿಯಿತು. ಅಣ್ಣ ಬೇಲಿಯಾಚೆ ನಿಂತು ಬೆಳಗಿನ ಬಿಳಿ ಮರಿಯ ಫೋಟೋವನ್ನು ಸ್ಟೇಟಸ್ಸಿಗೆ ಹಾಕುತ್ತಿದ್ದ. ನಂತರ ಹೆಂಡತಿ, ಮಗನೊಂದಿಗೆ ಮೊಳಕಾಲ್ಮೂರಿಗೆ ಹೊರಟ. ನಾನೂ ಹುಡುಗಿಯೂ ಉಳಿದೆವು.

ಇಪ್ಪತ್ನಾಲ್ಕರಂದು ಆರು ಸಲ ಬಿಟ್ಟೆವು, ಆರು ಸಲವೂ ಗುದ್ದಿತು. ಸಂಜೆ ಮರಿ ಏಳಲು ಸೋಮಾರಿತನ ಮಾಡಿತು. ಅವ್ವ ಅದರ ಕಿವಿ ತಣ್ಣಗಾಗಿದೆಯೇ ಎಂದು ಮುಟ್ಟಿ ನೋಡಿದಳು. ಹುಡುಗಿ ರೊಪ್ಪದ ಹಿಕ್ಕೆಯ ಪುಡಿಯನ್ನು ಮರಿಗೆ, ಫ್ರಾಕಿಗೆ, ತನ್ನ ತಲೆಗೆ ಸಮನಾಗಿ ಹಂಚಿದಳು. ಅತ್ತಿಗೆ ಮೊಳಕಾಲ್ಮೂರಿನಿಂದ ಕೇಕಿನ ಫೋಟೋ ಕಳಿಸಿ, ಅಣ್ಣನೂ ಮಗನೂ ಕೆಂಪು ಟೋಪಿ ಹಾಕಿಕೊಂಡಿದ್ದನ್ನು ತೋರಿಸಿದಳು. ಮರಿ ಹೇಗಿದೆ ಎಂದು ಕೇಳಲು ಮರೆತಳು.

ಇಪ್ಪತ್ತೈದರ ಬೆಳಿಗ್ಗೆ ತಾಯಿ ಬಾಲ ಮೂಸಿತು. ರೇಷ್ಮೆ ಮೂಸಿತು. ಮತ್ತೆ ಬಾಲ ಮೂಸಿ, ಗಂಟಲೊಳಗೇ ಸಣ್ಣಗೆ ಗುರುಗುಟ್ಟಿ, ಹಿಂಗಾಲು ಅಗಲಿಸಿ ನಿಂತಿತು.

“ಅತ್ತೆ, ಮರಿ ಬಾಲ ಅಲ್ಲಾಡಿಸ್ತೈತೆ” ಎಂದಳು ಹುಡುಗಿ ಪಿಸುದನಿಯಲ್ಲಿ. “ಹಾಲು ಬಂದ್ರೇನೇ ಅಲ್ವಾ ಹಂಗೆ ಅಲ್ಲಾಡ್ಸಾದು?”

“ಹೂಂ.”

ಮಾರನೆಯ ದಿನ ಬಸ್ಸಿನಲ್ಲಿ ಮೊಳಕಾಲ್ಮೂರಿಗೆ ಹೋದೆವು. ಮೊಮ್ಮಗಳು ಬಿಚ್ಚಿ ತೋರಿಸಿದ ರೆಕ್ಕೆಯನ್ನು ಅಜ್ಜಿ ಮಗ್ಗದ ಗುಂಡಿಯಲ್ಲಿ ಕೂತೇ ಮೂಸಿ, “ಏಮಿ ವಾಸನಮ್ಮಾ ಇದಿ” ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ಹೇಳಿ ಮುಖ ತಿರುಗಿಸಿ ನಕ್ಕರು. “ಮರಿ ಉಳೀತೋ?” ಎಂದು ಕೇಳಿದರು. ಆ ಮನೆಯಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಸಂಕ್ರಾಂತಿಯ ಮರುದಿನ ಅಣ್ಣ ಗೆಳೆಯರನ್ನು ಊರಿಗೆ ಕರೆದುಕೊಂಡು ಬಂದ. ಸ್ಟೇಟಸ್ಸಿನ ಮರಿಯನ್ನು ಅವರು ನೋಡಬೇಕಂತೆ. ರೊಪ್ಪದಲ್ಲಿ ಹನ್ನೊಂದು ಮರಿ, ಎಲ್ಲವೂ ಕಪ್ಪು. ಅವನು ಸ್ವಲ್ಪ ಹೊತ್ತು ನೋಡಿ, ದಪ್ಪನೆಯದೊಂದನ್ನು ಎತ್ತಿಕೊಂಡು ಫೋಟೋಗೆ ನಿಂತ.

“ಅಪ್ಪಾ, ಅದಲ್ಲ” ಎಂದಳು ಮಗಳು. ಹೋಗಿ ಒಂದು ಮರಿಯನ್ನು ಹಿಡಿದು ಬಾಲ ಮೂಸಿ, “ಇದು” ಎಂದಳು.

ಗೆಳೆಯರು ನಕ್ಕರು. ಅಣ್ಣ ಅದನ್ನು ಎತ್ತಿಕೊಳ್ಳಲು ಕೈಚಾಚಿದ. ಅವತ್ತು ಅವನು ಸೆಂಟು ಹೊಡೆದುಕೊಂಡು ಬಂದಿದ್ದ. ಹುಡುಗಿ ಮರಿಯನ್ನು ಕೊಡಲಿಲ್ಲ.