ಊಟದ ಸಾಲಿನಲ್ಲಿ ಸಿಕ್ಕಿದ ಮುಖ

ಕ್ಯಾಮೆರಾ ಕಣ್ಣಿಗಿಟ್ಟ ಕೂಡಲೇ ಅವರ ನಾಲಗೆಯ ತುದಿ ಬಾಯಿಯ ಮೂಲೆಯಿಂದ ಹೊರಗೆ ಇಣುಕುತ್ತಿತ್ತು. ಕಾಪುವಿನ ನಮ್ಮ ವಿಡಿಯೋ ಅಣ್ಣನನ್ನು ಅಣಕಿಸಲು ನನಗೆ ಅಷ್ಟೇ ಸಾಕು. ಆರ್ಕೆಸ್ಟ್ರಾಗಳಲ್ಲಿ ಹಾಡುಗಳ ನಡುವೆ ಮಿಮಿಕ್ರಿ ಮಾಡುತ್ತ, ನನ್ನದೇ ತಗಡು ಧ್ವನಿಯನ್ನೂ ಬಿಡದ ನಾನು ಅವರನ್ನು ಬಿಡುತ್ತೇನೆಯೇ? ಮದುವೆ ಊಟದಲ್ಲಿ ಎಲೆ ಎಲೆಯ ಮುಂದೆ ನಿಂತು, ಉಣ್ಣುವವರ ಬಾಯಿಗೇ ಕ್ಯಾಮೆರಾ ಹಿಡಿಯುವುದು ಅವರ ಕ್ರಮ.

“ಎಂತ ಅಣ್ಣ, ಈ ಕ್ಯಾಸೆಟ್ ಹಲ್ಲಿನ ಡಾಕ್ಟರಿಗೆ ತೋರಿಸ್ಲಿಕ್ಕುಂಟಾ?”

“ಮದುಮಗಳನ್ನು ಎಲ್ಲರೂ ನೋಡ್ತಾರೆ ಮಾರಾಯ. ಇವರನ್ನು ಯಾರು ನೋಡುವುದು?”

ಮರೆವು ಹತ್ತಿದ್ದ ನನ್ನ ಅಜ್ಜ ಒಂದು ಬೆಳಿಗ್ಗೆ ಮನೆಯಿಂದ ಹೊರಟವರು ಹಿಂತಿರುಗಲಿಲ್ಲ. ಮರುದಿನ ಅಪ್ಪ ಪಡುಬಿದ್ರಿಯತ್ತ ಹುಡುಕಲು ಹೋದರು. ಸಂಜೆಯೊಳಗೆ ಫೋಟೋ ತಂದರೆ ಹಾಕುತ್ತೇವೆ ಎಂದರು ಪತ್ರಿಕೆಯವರು. ಮನೆಯಲ್ಲಿದ್ದ ಅಜ್ಜನ ಫೋಟೋ ತಲೆತುಂಬ ಕಪ್ಪು ಕೂದಲಿದ್ದ ಕಾಲದ್ದು. ವಿಡಿಯೋ ಅಣ್ಣ ತೆಗೆದಿದ್ದ ಅಕ್ಕನ ಮದುವೆಯ ಕ್ಯಾಸೆಟ್ ಹಿಡಿದು ಅವರ ಸ್ಟುಡಿಯೋಗೆ ಓಡಿದೆ.

ಅಜ್ಜ ಉಣ್ಣುವ ತುಣುಕನ್ನು ಅವರು ಕಂಪ್ಯೂಟರಿಗೆ ಇಳಿಸಿ ಬಿಡಿ ಚಿತ್ರಗಳಾಗಿ ಒಡೆದರು. ಒಂದೊಂದು ಸೆಕೆಂಡಿಗೆ ಇಪ್ಪತ್ತೈದು ಅಜ್ಜಂದಿರು! ಒಬ್ಬರದ್ದು ಕಣ್ಣು ಮುಚ್ಚಿದೆ, ಇನ್ನೊಬ್ಬರಿಗೆ ಸಾರಿನ ಸೌಟು ಅಡ್ಡ, ಮತ್ತೊಬ್ಬರು ಬರೀ ಮಸುಕು. ಕರೆಂಟು ಮಿಣುಕಿದಾಗಲೆಲ್ಲ ನಾನು ಗಡಿಯಾರ ನೋಡುತ್ತಿದ್ದೆ.

ಕೊನೆಗೊಂದು ನಗುಮುಖ ಕಂಡಿತು. “ಇದೇ, ಇದೇ!” ಎಂದೆ.

“ಬೇಡ,” ಎಂದವರು, ಹುಬ್ಬು ಗಂಟಿಕ್ಕಿ ಪಾಯಸ ಬಡಿಸುವವನನ್ನು ಗದರುತ್ತಿದ್ದ ಅಜ್ಜನನ್ನು ಆರಿಸಿದರು.

“ಎಂತ ಅಣ್ಣ, ಜಗಳಕ್ಕೆ ಹೊರಟ ಹಾಗೆ ಉಂಟಲ್ಲ!”

“ದಾರಿ ತಪ್ಪಿದವರು ನಗ್ತಾ ಇರ್ತಾರಾ? ದಾರಿಯಲ್ಲಿ ಕಾಣುವ ಮುಖವನ್ನೇ ಕೊಡ್ಬೇಕು.”

ಪತ್ರಿಕೆ ಬಂದ ಬೆಳಿಗ್ಗೆಯೇ ಕಾರ್ಕಳದ ಹೋಟೆಲಿನವರೊಬ್ಬರು ಫೋನ್ ಮಾಡಿದರು. “ಇಲ್ಲೇ ಕೂತಿದ್ದಾರೆ. ಚಾ ತಣ್ಣಗಾಗಿದೆ ಅಂತ ನಮಗೆ ಬೈತಾ ಇದ್ದಾರೆ. ಪೇಪರಿನ ಅದೇ ಮುಖ. ಬೇಗ ಬನ್ನಿ ಮಾರಾಯ್ರೆ!”

ಕೆಲವು ವರ್ಷಗಳ ಮೇಲೆ ವಿಡಿಯೋ ಅಣ್ಣ ಎದೆನೋವಿನಿಂದ ಹಠಾತ್ತನೆ ಹೋಗಿಬಿಟ್ಟರು. ಪತ್ರಿಕೆಗೆ ಕೊಡಲು ಮನೆಯಲ್ಲಿದ್ದದ್ದು ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೋ. ಅದರಲ್ಲಿ ಬಿಗಿದು ಕುಳಿತವರು ಯಾರೋ ಬೇರೆಯವರು. ನಾನು ಅವರ ಕಂಪ್ಯೂಟರಿನ ಮುಂದೆ ಕುಳಿತೆ. ಅಕ್ಕನ ಮದುವೆಯ ಕ್ಯಾಸೆಟಿನಲ್ಲಿ, ಅವಳನ್ನು ಅಲಂಕರಿಸುತ್ತಿದ್ದ ಕೋಣೆಯ ಕನ್ನಡಿಯಲ್ಲಿ ಅವರು ಕ್ಷಣಮಾತ್ರ ಕಾಣುವುದು ನನಗೆ ನೆನಪಿತ್ತು. ಆ ಕ್ಷಣವನ್ನು ಒಡೆದು ಒಂದೊಂದೇ ಚಿತ್ರ ಸರಿಸುತ್ತ ಹೋದೆ. ಅದೂ ಕೈತಪ್ಪಿದರೆ ಎಂಬ ಭಯ. ಸಿಕ್ಕಿದರು. ಒಂದು ಕಣ್ಣು ಮುಚ್ಚಿದೆ, ನಾಲಗೆಯ ತುದಿ ಹೊರಗೆ.

“ಅಯ್ಯೋ, ಇದನ್ನಾ ಪೇಪರಿಗೆ ಹಾಕುವುದು?” ಎಂದರು ಅತ್ತಿಗೆ, ಅವರ ಹೆಂಡತಿ. ಆಮೇಲೆ ಪರದೆಯ ಹತ್ತಿರ ಬಂದು ಆ ನಾಲಗೆಯ ತುದಿಯನ್ನು ಬೆರಳಿನಿಂದ ಮುಟ್ಟಿದರು.

“ಇದನ್ನೇ ಕೊಡು,” ಎಂದು ನನ್ನತ್ತ ತಿರುಗಿದವರು ಕಣ್ಣೊರೆಸಿಕೊಂಡರು. “ಮೊದಲು ನಿನ್ನ ನಾಲಗೆ ಒಳಗೆ ಹಾಕು ಮಾರಾಯ.”

ಅದು ಹೊರಗೆ ಬಂದದ್ದು ನನಗೆ ಗೊತ್ತೇ ಇರಲಿಲ್ಲ.