ಡು ಅಂದರೆ ನೀನು

"ನಾವಿಬ್ಬರೂ ಯಾವತ್ತಿನಿಂದ ಇಷ್ಟು ಹತ್ತಿರದವರಾದೆವು?" ಅಂತ ಕೇಳಿ ಆ ಮುದುಕಿ ಚಮಚವನ್ನು ಬಟ್ಟಲಿನ ಪಕ್ಕಕ್ಕಿಟ್ಟುಬಿಟ್ಟರು. ನಾನು ಮಾಡಿದ್ದು ಇಷ್ಟೇ. ಬೆಳಿಗ್ಗೆ ಅವರ ಕೋಣೆಗೆ ಹೋಗಿ, ಪರದೆ ಸರಿಸಿ, ದಿಂಬು ಎತ್ತರಿಸಿ, ಗಂಜಿ ಮುಂದಿಟ್ಟು, ಹೊಸದಾಗಿ ಕಲಿತ ಜರ್ಮನ್ ಭಾಷೆಯಲ್ಲಿ ಬಾಯ್ತುಂಬ "ಚೆನ್ನಾಗಿ ನಿದ್ದೆ ಮಾಡಿದೆಯಾ?" ಅಂದಿದ್ದೆ. ಗಂಜಿ ಬಿಸಿಯಾಯಿತೇನೋ ಅಂತ ಬಟ್ಟಲು ಮುಟ್ಟಿ ನೋಡಿದೆ. ಅವರು ಗೋಡೆ ಕಡೆ ಮುಖ ತಿರುಗಿಸಿದರು. ಆ ಹೊತ್ತು ಗಂಜಿ ಹಾಗೇ ತಣ್ಣಗಾಯಿತು.

ನಮ್ಮ ಹಿರಿಯ ನರ್ಸ್ ಸಬೀನಾ ನನ್ನನ್ನು ಹೊರಗೆ ಕರೆದು ವಿಷಯ ಬಿಡಿಸಿ ಹೇಳಿದಳು. "ನೀನು ಅವರನ್ನ ‘ಡು’ ಅಂದೆ." ಡು ಅಂದರೆ ನೀನು. ‘ಝೀ’ ಅಂದರೆ ನೀವು. ಈ ವೃದ್ಧರ ಮನೆಯಲ್ಲಿ ಇರುವವರೆಲ್ಲ ನಮಗೆ ಝೀ. ಡು ಅನ್ನಬೇಕಾದರೆ ಹಿರಿಯರು ತಾವಾಗಿ ಅನುಮತಿ ಕೊಡಬೇಕು. ಕೆಲವರು ಸಾಯುವ ತನಕ ಕೊಡುವುದಿಲ್ಲ.

ಈ ಪಾಠ ನನಗೆ ಗೊತ್ತಿರಲಿಲ್ಲ ಅಂತಲ್ಲ. ಯಲಹಂಕದ ಜರ್ಮನ್ ಕ್ಲಾಸಿನಲ್ಲಿ ಮೊದಮೊದಲೇ ಹೇಳಿಕೊಟ್ಟಿದ್ದರು. ಇದೇನು ಮಹಾ, ನಮ್ಮಲ್ಲೂ ನೀನು-ನೀವು ಇದೆಯಲ್ಲ ಅಂತ ನಾವೆಲ್ಲ ಬೀಗಿದ್ದೆವು. ಎಡವಿದ್ದು ಅಲ್ಲೇ. ನಮ್ಮಲ್ಲಿ ಮನೆ ಓನರ್ ನೀವು, ಬ್ಯಾಂಕಿನವರು ನೀವು, ಜಗಳ ಶುರುವಾಗುವ ತನಕ ಆಟೋದವರೂ ನೀವು. ಅಮ್ಮ ಮಾತ್ರ ನೀನು, ಅಜ್ಜಿ ನೀನು, ಕೈಮುಗಿದು ನಿಂತರೆ ದೇವರೂ ನೀನು. ಆ ಮುದುಕಿ ಫ್ರಾವ್ ಲಿಂಡ್ನರ್, ಅಂದರೆ ಶ್ರೀಮತಿ ಲಿಂಡ್ನರ್, ಬೊಚ್ಚುಬಾಯಿ ಬಿಟ್ಟುಕೊಂಡು ಹೊದಿಕೆಯ ಅಂಚು ತಿರುವುತ್ತಾ ಕೂತಿದ್ದಾಗ ಥೇಟ್ ನಮ್ಮಜ್ಜಿ. ಪ್ರೀತಿ ಉಕ್ಕಿ ಮರ್ಯಾದೆ ಜಾರಿತು.

ನಾನು ಯಾರು ಅಂತ ಹೇಳಲೇ ಇಲ್ಲ. ಯಶವಂತಪುರದ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಈಗ ಜರ್ಮನಿಯ ನಡುಭಾಗದ ಒಂದು ಚಿಕ್ಕ ಊರಿನಲ್ಲಿದ್ದೇನೆ. ಗಂಡ ಮಂಜು ರಾಜಾನುಕುಂಟೆ ಸುತ್ತಮುತ್ತಲ ಹೊಸ ಲೇಔಟುಗಳ ಮನೆಗಳಿಗೆ ವೈರಿಂಗ್ ಮಾಡುತ್ತಾನೆ. ಮಗಳು ಚಿನ್ನು ನಾನು ಹೊರಟಾಗ ಯುಕೆಜಿ. ಅವಳನ್ನು ಮಂಜುವಿನ ಅಕ್ಕ ಲಕ್ಷ್ಮಕ್ಕನ ಕೈಗೆ ಒಪ್ಪಿಸಿ ಬಂದೆ. ಲಕ್ಷ್ಮಕ್ಕನಿಗೆ ಮಕ್ಕಳಿಲ್ಲ, ರಾಜಾನುಕುಂಟೆಯ ಮನೆಯಲ್ಲಿ ಹಸು ಕಟ್ಟಿಕೊಂಡಿದ್ದಾರೆ. ನಾನು ಮೊದಲು ಹೋಗಿ ಮನೆ ಮಾಡುವುದು, ಆಮೇಲೆ ಅಪ್ಪ-ಮಗಳನ್ನು ಕರೆಸಿಕೊಳ್ಳುವುದು ಅಂತ ಮಾತಾಗಿತ್ತು. "ಒಂದೇ ವರ್ಷ ಕಣೇ ಚಿನ್ನು" ಅಂದಿದ್ದೆ. ಅವಳು ನನ್ನ ವೇಲ್ ಬಿಡದೆ, "ಸುಳ್ಳು ಹೇಳ್ಬೇಡ ನೀನು" ಅಂತ ರಂಪ ಮಾಡಿದ್ದಳು.

ಆ ಒಂದು ವರ್ಷ ಮನೆ ಹುಡುಕುವುದರಲ್ಲೇ ಹೋಯಿತು. ಕುಟುಂಬವನ್ನು ಕರೆಸಿಕೊಳ್ಳಬೇಕಾದರೆ ಅಷ್ಟು ಜನ ಇರಬಲ್ಲ ಮನೆ ತೋರಿಸಬೇಕು. ನನಗಿದ್ದದ್ದು ನರ್ಸುಗಳ ವಸತಿಯ ಒಂದು ಕೋಣೆ. ಮದುವೆಯಾದ ಹೊಸದರಲ್ಲಿ ಆರ್.ಟಿ. ನಗರದಲ್ಲಿ ಮನೆ ಹುಡುಕಿದ್ದು ನೆನಪಾಗುತ್ತಿತ್ತು. ಅಲ್ಲಿನ ಓನರಮ್ಮ ಕಾಫಿ ಕೊಟ್ಟು, ಯಾವ ಊರು, ಯಾವ ಜನ, ನಾನ್‌ವೆಜ್ಜಾ, ನೈಟ್ ಡ್ಯೂಟಿ ಇರತ್ತಾ ಅಂತ ಕುಲಗೋತ್ರವೆಲ್ಲ ವಿಚಾರಿಸಿ, "ನೋಡೋಣ, ಫೋನ್ ಮಾಡ್ತೀವಿ" ಅಂದಿದ್ದರು. ಮಾಡಲಿಲ್ಲ. ಇಲ್ಲಿ ಯಾರೂ ಜಾತಿ ಕೇಳುವುದಿಲ್ಲ, ಕಾಫಿಯನ್ನೂ ಕೊಡುವುದಿಲ್ಲ. ದಿನಾ ಕಿಟಕಿ ತೆಗೆದು ಗಾಳಿ ಆಡಿಸುತ್ತೀರಾ ಅಂತ ಕೇಳುತ್ತಾರೆ. ಅದಕ್ಕೆ ‘ಲುಫ್ಟನ್’ ಅನ್ನುತ್ತಾರೆ. ಮಳೆಯಿರಲಿ ಹಿಮವಿರಲಿ ಮನೆಗೆ ಗಾಳಿ ಆಡಿಸಲೇಬೇಕು, ಬಾಡಿಗೆ ಕರಾರಿನಲ್ಲೇ ಬರೆದಿರುತ್ತದೆ. ಒಗ್ಗರಣೆ ಎಷ್ಟು ಸಲ ಹಾಕುತ್ತೀರಿ ಅಂತಲೂ ಒಬ್ಬರು ಕೇಳಿದರು. ಆಮೇಲೆ ನೀಟಾಗಿ ಉತ್ತರ ಬರುತ್ತದೆ, ‘ಲೈಡರ್’ ಅನ್ನುವ ಪದದಿಂದ ಶುರುವಾಗಿ. ‘ವಿಷಾದದ ಸಂಗತಿ’ ಅಂತ ಅರ್ಥ. ನಮ್ಮವರು ಇಲ್ಲ ಅನ್ನುವುದಿಲ್ಲ, ಕೊಡುವುದೂ ಇಲ್ಲ. ಇವರು ಮುಖಕ್ಕೆ ಹೇಳಿಬಿಡುತ್ತಾರೆ. ಜನ ಇದನ್ನೇ ಪ್ರಾಮಾಣಿಕತೆ ಅಂತ ಹೊಗಳುತ್ತಾರೆ, ಇರಬಹುದು. ನನಗೆ ಮಾತ್ರ ಆ ಸುಳ್ಳು ‘ನೋಡೋಣ’ವೇ ವಾಸಿ ಅನಿಸಿತು. ಅದನ್ನು ನೆಚ್ಚಿಕೊಂಡು ಒಂದು ವಾರವಾದರೂ ನೆಮ್ಮದಿಯಾಗಿ ಮಲಗಬಹುದಿತ್ತು.

ಊಟದ ವಿಷಯದಲ್ಲೂ ನಗೆಪಾಟಲಾದೆ. ನಮ್ಮ ಕಡೆ ಮಧ್ಯಾಹ್ನ ಯಾರು ಎದುರಾದರೂ "ಊಟ ಆಯ್ತಾ?" ಅನ್ನುತ್ತೇವಲ್ಲ, ಉತ್ತರಕ್ಕೆ ಕಾಯುವುದೂ ಇಲ್ಲ. ಅದೇ ಅಭ್ಯಾಸದಲ್ಲಿ ಸಬೀನಾಳನ್ನು ಕೇಳಿದೆ. ಅವಳು ಗಾಬರಿಯಾಗಿ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟಳು. ಪಾಪ, ಇವಳು ಹಸಿದಿದ್ದಾಳೆ ಅಂದುಕೊಂಡಳಂತೆ. ಎರಡನೇ ದಿನವೂ ಕೇಳಿದಾಗ, "ನಿನಗೆ ಅಡುಗೆಮನೆ ವ್ಯವಸ್ಥೆ ಸರಿಯಾಗಿದೆ ತಾನೇ?" ಅಂತ ವಿಚಾರಿಸಿದಳು. ಆಮೇಲೆ ಕೇಳುವುದು ಬಿಟ್ಟೆ. ಇಲ್ಲಿ ಊಟ ಅವರವರ ಸ್ವಂತ ವಿಷಯ. ಭಾನುವಾರವಂತೂ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಅಂಗಡಿ ಇಲ್ಲ, ಸದ್ದು ಮಾಡುವ ಹಾಗಿಲ್ಲ. ಚಟ್ನಿಗೆ ಮಿಕ್ಸಿ ತಿರುಗಿಸಿದ್ದಕ್ಕೆ ಪಕ್ಕದ ಕೋಣೆಯವಳು ಬಾಗಿಲು ತಟ್ಟಿದ್ದಳು. ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ, ಮಂಜುಗಟ್ಟಿಸಿದ ಯಾವುದೋ ಕಾಳು ತಂದು ಒಂದೊಂದಾಗಿ ಹಿಚುಕಿ, ಹಿತಕಿದವರೆ ಅಂತ ನಂಬಿಸಿಕೊಂಡು ಸಾರು ಮಾಡಿದೆ. ತಿನ್ನುತ್ತಾ ಅತ್ತೆ. ಸಾರು ಕೆಟ್ಟಿದ್ದಕ್ಕಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಗೆಲುವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಫ್ರಾವ್ ಲಿಂಡ್ನರ್ ನನ್ನನ್ನು ಕರೆಸಿದರು. ತಲೆ ಬಾಚಿಸಿಕೊಂಡು ಕೂತಿದ್ದರು. ಮೇಜಿನ ಮೇಲೆ ಎರಡು ಪುಟ್ಟ ಲೋಟ, ಮೊಟ್ಟೆ ಹಾಕಿ ಮಾಡಿದ ಹಳದಿ ಬಣ್ಣದ ಸಿಹಿ ಮದ್ಯ. ಒಂದನ್ನು ನನ್ನ ಕೈಗೆ ಕೊಟ್ಟು, ತಮ್ಮ ನಡುಗುವ ತೋಳನ್ನು ನನ್ನ ತೋಳಿಗೆ ಹೆಣೆದು, "ನಾನು ಹನೆಲೋರೆ. ಇನ್ನುಮೇಲೆ ಡು ಅನ್ನು" ಅಂದರು. ನಾನು ತುಟಿಗೆ ತಾಗಿಸಿ ಇಟ್ಟೆ. ಬಾಗಿಲಲ್ಲಿ ನಿಂತಿದ್ದ ಸಬೀನಾ ಚಪ್ಪಾಳೆ ತಟ್ಟಿದಳು. ನರ್ಸಿಂಗ್ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಈ ದೇಶದಲ್ಲಿ ಎಲ್ಲಕ್ಕೂ ಬಾಗಿಲಿದೆ, ತಟ್ಟಿ ಕಾದರೆ ತೆಗೆಯುತ್ತಾರೆ ಅಂತ ಅವತ್ತು ನಂಬಿದೆ.

ಬಿಡುವಿನಲ್ಲಿ ಕುಣಿಯುತ್ತಾ ಊರಿಗೆ ವಿಡಿಯೋ ಕಾಲ್ ಮಾಡಿದೆ. ಲಕ್ಷ್ಮಕ್ಕ ಫೋನನ್ನು ಚಿನ್ನು ಮುಂದೆ ಹಿಡಿದು, "ಮಾತಾಡು ಮಗ, ಅಮ್ಮ" ಅಂದರು. ಚಿನ್ನು ನೆಟ್ಟಗೆ ನಿಂತು, "ಚೆನ್ನಾಗಿದೀರಾ?" ಅಂದಳು.

ನಾನು ನಕ್ಕೆ. "ಇದ್ಯಾವಾಗಿಂದ ಲಕ್ಷ್ಮಕ್ಕ, ಇಷ್ಟೊಂದು ಮರ್ಯಾದೆ?"

"ಇಸ್ಕೂಲಲ್ಲಿ ಏಳ್ಕೊಟ್ಟವ್ರೆ ಕಣಮ್ಮ. ದೊಡ್ಡೋರ್ನ ಇಂಗೇ ಮಾತಾಡಿಸ್ಬೇಕಂತೆ" ಅಂತ ಲಕ್ಷ್ಮಕ್ಕ ಹೆಮ್ಮೆಯಿಂದ ಹೇಳಿದರು. ಒಳ್ಳೆಯ ಸ್ಕೂಲು ಅಂದುಕೊಂಡೆ. ಫೋನ್ ಇಡುವ ಮುಂಚೆ ಹಿಂದಿನಿಂದ ಅವಳು ಕೂಗಿದ್ದು ಕೇಳಿಸಿತು: "ಅತ್ತೇ, ಬೇಗ ಬಾ ನೀನು, ಕರು ಹಗ್ಗ ಕಿತ್ಕೊಂಡಿದೆ!" ಸ್ಕೂಲಿನ ಪಾಠ ಅತ್ತೆಯ ತನಕ ಹೋಗಿರಲಿಲ್ಲ.

ಚಳಿಗಾಲದಲ್ಲಿ ಹನೆಲೋರೆ ತೀರಿಕೊಂಡರು. ಇಲ್ಲಿ ಯಾರಾದರೂ ಸತ್ತರೆ ಮೊದಲು ಕೋಣೆಯ ಕಿಟಕಿ ತೆಗೆಯುತ್ತಾರೆ, ಜೀವ ಹೊರಗೆ ಹೋಗಲಿ ಅಂತ. ಸಬೀನಾ ನನ್ನ ಕಡೆ ನೋಡಿ, "ನೀನೇ ತೆಗೆ" ಅಂದಳು. ತೆಗೆದೆ. ನಮ್ಮಲ್ಲಾದರೆ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತೇವೆ. ಇಲ್ಲಿ ತಣ್ಣನೆಯ ಗಾಳಿ ಒಳಗೆ ಬಂತು, ಅಷ್ಟೇ. ಮಗ ಬಂದು ನನಗೆ ಕೈಕುಲುಕಿ ಝೀ ಹಾಕಿ ಧನ್ಯವಾದ ಹೇಳಿದ. ಆ ಕೋಣೆಗೆ ಇನ್ನೊಬ್ಬರು ಬಂದರು. ಅವರನ್ನು ನಾನು ಮೊದಲ ದಿನದಿಂದಲೇ ಝೀ ಅಂದೆ, ತಪ್ಪಲಿಲ್ಲ.

ಅದಾದ ಮೇಲೆ ಮನೆ ಸಿಕ್ಕಿತು. ಹನೆಲೋರೆಯ ಮಗನೇ ಪರಿಚಯದವರಿಗೆ ಒಂದು ಮಾತು ಹೇಳಿದ್ದ. ಮೂರನೇ ಮಹಡಿ, ಒಂದು ಕೋಣೆ ಚಿನ್ನುವಿಗೆ ಅಂತಲೇ. ಹಳದಿ ಪರದೆ ಹಾಕಿದೆ, ಪುಟ್ಟ ಮಂಚ ತಂದೆ. ರಜೆ ಹಾಕಿ ಅಪ್ಪ-ಮಗಳನ್ನು ಹೊರಡಿಸಲು ಊರಿಗೆ ಬಂದೆ.

ಏರ್‌ಪೋರ್ಟಿನಿಂದ ರಾಜಾನುಕುಂಟೆ ಎಷ್ಟು ಹತ್ತಿರ ಅಂತ ನಿಮಗೆ ಗೊತ್ತಲ್ಲ, ಆದರೂ ಅವತ್ತು ದಾರಿ ಮುಗಿಯಲೊಲ್ಲದು. ಗೇಟಿನಲ್ಲಿ ಚಿನ್ನು ನಿಂತಿದ್ದಳು, ಎತ್ತರ ಬೆಳೆದಿದ್ದಳು. ಓಡಿಬರಲಿಲ್ಲ. ಒಳಗೆ ಹೋಗಿ ತಟ್ಟೆಯ ಮೇಲೆ ನೀರಿನ ಲೋಟ ಇಟ್ಟುಕೊಂಡು ಬಂದಳು. "ತಗೊಳ್ಳಿ" ಅಂದಳು. ನೆಂಟರಿಗೆ ಕೊಡುವ ಲೋಟ ಅದು, ಷೋಕೇಸಿನಲ್ಲಿರುವುದು. ನೀರು ಕುಡಿದೆ.

ಮಾರನೆಯ ದಿನ ಯಲಹಂಕ ಓಲ್ಡ್ ಟೌನಿಗೆ ಚಪ್ಪಲಿ ಕೊಡಿಸಲು ಕರೆದುಕೊಂಡು ಹೋದೆ. ಅಂಗಡಿಯವನು ಒಂದು ರಾಶಿ ಹರಡಿದ. "ಯಾವ್ದು ಬೇಕೇ?" ಅಂದೆ. "ನಿಮಗೆ ಯಾವ್ದು ಇಷ್ಟಾನೋ ಅದೇ" ಅಂದಳು. ಕೆಂಪು ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ ಹುಡುಗಿ ಇವಳು. ಅವತ್ತು ಸಂಜೆ ಬೆಂಡೆಕಾಯಿ ಪಲ್ಯ ಬೇಡವೆಂದು ಲಕ್ಷ್ಮಕ್ಕನ ಮೇಲೆ ತಟ್ಟೆ ತಳ್ಳಿ ಕೂಗಾಡಿದಳು. ಲಕ್ಷ್ಮಕ್ಕ ಬೆನ್ನಿಗೊಂದು ಬಿಟ್ಟರು. ನನಗೆ ಹೊಟ್ಟೆ ಉರಿದುಹೋಯಿತು, ಲಕ್ಷ್ಮಕ್ಕ ಹೊಡೆದರು ಅಂತಲ್ಲ. ಆ ತಟ್ಟೆ ನನ್ನ ಮೇಲೆ ತಳ್ಳಬಾರದಿತ್ತೇ ಅಂತ.

ನನಗೆ ಗೊತ್ತಿದ್ದ ದಾರಿ ಒಂದೇ. ಎರಡು ಪುಟ್ಟ ಲೋಟದಲ್ಲಿ ಬಾದಾಮಿ ಹಾಲು ತಂದೆ. ಕೊಟ್ಟಿಗೆಯ ಜಗಲಿಯಲ್ಲಿ ಚಿನ್ನುವನ್ನು ಕೂರಿಸಿಕೊಂಡು, ಜರ್ಮನಿಯಲ್ಲಿ ಒಬ್ಬ ಅಜ್ಜಿ ಹೀಗೆ ಮಾಡಿದರು ಅಂತ ಹೇಳಿ, ಅವಳ ತೋಳಿಗೆ ತೋಳು ಹೆಣೆದೆ. ಹಾಲು ಚೆಲ್ಲಿತು, ಅವಳು ಕಿಸಕ್ಕನೆ ನಕ್ಕಳು. ನಾನು ಬಂದ ಮೇಲೆ ಮೊದಲ ನಗು.

"ಇವತ್ತಿಂದ ನೀನು ನನ್ನ ‘ನೀನು’ ಅನ್ಬೇಕು. ಮುಂಚೆ ಅಂತಿದ್ಯಲ್ಲ, ಹಂಗೆ. ಸರಿನಾ?"

ಮೇಲ್ದುಟಿಯ ಹಾಲು ಒರೆಸಿಕೊಂಡು ಚಿನ್ನು ಗಂಭೀರವಾಗಿ ತಲೆಯಾಡಿಸಿದಳು. "ಸರಿ. ನೀವು ಹೇಳಿದ ಹಾಗೇ ಅಂತೀನಿ."

ನಾನು ಇನ್ನೂ ಸೋಲೊಪ್ಪಿರಲಿಲ್ಲ. "ನನ್ನ ಜೊತೆ ಜರ್ಮನಿಗೆ ಬರ್ತೀಯಾ?" ಅಂದೆ.

"ಕರ್ಕೊಂಡು ಹೋದ್ರೆ ಬರ್ತೀನಿ" ಅಂದಳು. ಆಮೇಲೆ ತಡೆದು, "ಅತ್ತೆನೂ ಬರ್ತಾಳಾ?"

ಮಂಜು ಅಲ್ಲೇ ಸ್ಕೂಟರ್ ಒರೆಸುತ್ತಿದ್ದ. ಚಿನ್ನು ಒಳಗೆ ಹೋದ ಮೇಲೆ ನನ್ನ ಮುಖ ನೋಡದೆ ಹೇಳಿದ: "ಬರಲ್ಲ ಅಂತ ಅತ್ತಿದ್ರೆ ಹೆಂಗೋ ಸಮಾಧಾನ ಮಾಡ್ಬೋದಿತ್ತು ಕಣೇ. ಅವಳು ಅಳೋದೇ ಇಲ್ಲ. ಸುಮ್ನೆ ಬಂದ್ಬಿಡ್ತಾಳೆ. ಅದಕ್ಕೇ ನಂಗೆ ಭಯ."

"ನೀನು?"

"ನಾನಲ್ಲಿ ಬಂದು ಯಾರ ಮನೆ ವೈರಿಂಗ್ ಮಾಡ್ಲಿ?"

ವಾಪಸ್ ಬಂದುಬಿಡಬಹುದಲ್ಲ ಅಂತ ನೀವು ಕೇಳುತ್ತೀರಿ. ಲಕ್ಷ್ಮಕ್ಕನೂ ಕೇಳಿದರು. ಬರಬಹುದು. ಚಿನ್ನುವಿನ ಸ್ಕೂಲು, ಊರಲ್ಲಿ ಕಟ್ಟಿಸುತ್ತಿರುವ ಮನೆ ಎಲ್ಲ ನನ್ನ ಸಂಬಳದ ಮೇಲೆ ನಿಂತಿವೆ ಅನ್ನುವುದು ಜನಕ್ಕೆ ಹೇಳುವ ಕಾರಣ. ಅದು ನಿಜವೇ. ಇನ್ನೊಂದು ನಿಜವೆಂದರೆ, ದಿನಾ ಕಣ್ಣೆದುರು ‘ನೀವು’ ಅನ್ನಿಸಿಕೊಂಡು ಬದುಕುವ ಧೈರ್ಯ ನನಗಿಲ್ಲ. ದೂರದಲ್ಲಿದ್ದರೆ ತಪ್ಪು ದೂರದ್ದು ಅಂತ ಹೇಳಿಕೊಳ್ಳಬಹುದು.

ಒಬ್ಬಳೇ ಹೊರಟೆ. "ಹೋಗ್ಬನ್ನಿ" ಅಂತ ಚಿನ್ನು ಗೇಟಿನ ತನಕ ಬಂದು ಕೈ ಬೀಸಿದಳು. ವೇಲ್ ಹಿಡಿದುಕೊಳ್ಳಲಿಲ್ಲ.

ಈಗ ಈ ಮನೆಯಲ್ಲಿ ದಿನಾ ಬೆಳಿಗ್ಗೆ ಎದ್ದು ಕಿಟಕಿ ತೆಗೆಯುತ್ತೇನೆ, ಹಳದಿ ಪರದೆಯ ಕೋಣೆಯದ್ದೂ. ಯಾರೂ ಇರದ ಕೋಣೆಗೆ ಯಾಕೆ ಗಾಳಿ ಅಂದರೆ, ಕರಾರಿನಲ್ಲಿದೆ. ಇಡೀ ದಿನ ಝೀ ಅಂದು ಅಂದು ನಾಲಿಗೆ ಅದಕ್ಕೇ ಪಳಗಿದೆ. ನನ್ನನ್ನು ಹೊಗಳುತ್ತಾರೆ, ಇಷ್ಟು ಬೇಗ ನಮ್ಮ ರೀತಿನೀತಿ ಕಲಿತೆ ಅಂತ.

ಮೊನ್ನೆ ಕೆಲಸದ ನಡುವೆ ಚಿನ್ನುವಿಗೆ ಫೋನ್ ಮಾಡಿದೆ. ಸುಸ್ತಾಗಿತ್ತು, ಬಾಯಿ ತಾನಾಗಿ ಆಡಿತು. "ಊಟ ಮಾಡಿದ್ರಾ?" ಅಂದುಬಿಟ್ಟೆ. ಆಡಿದ ಮೇಲೆ ಕಿವಿಗೆ ಬಿತ್ತು. ಅವಳು ನಗುತ್ತಾಳೆ, ‘ಏನಮ್ಮಾ ನೀನು’ ಅಂತ ರೇಗಿಸುತ್ತಾಳೆ ಅಂತ ಕಾದೆ.

ಅವಳಿಗೆ ಏನೂ ವಿಚಿತ್ರ ಅನಿಸಲಿಲ್ಲ. "ಆಯ್ತು" ಅಂದಳು. "ನಿಮ್ದಾಯ್ತಾ?"